ಕೂದಲೆಳೆ ಕೆಳಗೆ

ಮೊದಲು ಕೈಗೆ ಸಿಕ್ಕದ್ದು ಕೆಮ್ಮಿನ ಸಿರಪ್ಪಿನ ಸೀಸೆ.
ಹದಡಿ ರಸ್ತೆಯ ನಮ್ಮ ಮೆಡಿಕಲ್ ಶಾಪಿನಲ್ಲಿ
ಅವಧಿ ಮುಗಿದ ಡಬ್ಬದಿಂದ ಮೂರು ಎತ್ತಿಕೊಂಡೆ
(ಪುಸ್ತಕದಲ್ಲಿ ಬರೆದಿಟ್ಟೇ, ಮಾಲೀಕರು ನಕ್ಕರು).

ಕುತ್ತಿಗೆಗೆ ಸೀಮೆಎಣ್ಣೆಯ ನೂಲು ಸುತ್ತಿ, ಕಡ್ಡಿ ಗೀರಿ,
ಉರಿ ಆರುವ ಮುಂಚೆ ಬಕೆಟ್ಟಿನ ನೀರಿಗೆ.
ಟಕ್.
ಗರಗಸದ ಹಲ್ಲಾಯಿತು.
ಎರಡನೆಯದೂ ಅದೇ.
ಮೂರನೆಯದು ಸುಮ್ಮನೆ ಕಳಚಿ ಬಂತು.
ಅದರ ಬಾಯಿಯನ್ನು ಒಗೆಯುವ ಕಲ್ಲಿಗೆ
ನೀರು ಚಿಮುಕಿಸಿ ಚಿಮುಕಿಸಿ ಉಜ್ಜುವಾಗ
ಒಳಗಿಂದ ಅಮ್ಮ: ಗಂಧ ತೇಯ್ತಿದ್ದೀಯೇನೇ, ಯಾವ ದೇವರಿಗೆ?

ತೆಳು ಗಾಜು. ತಂತಿಗಿಟ್ಟರೆ ಸೊಳ್ಳೆಯ ದನಿ.

ಗೋಲಿ ಸೋಡಾದ ಸೀಸೆ ದಪ್ಪವೇನೋ ಸರಿ,
ಅದರ ಗಂಟಲಲ್ಲಿ ಗೋಲಿಗಷ್ಟೇ ಜಾಗ.
ಗ್ಯಾರೇಜಿನ ಪ್ಲಗ್ ಪಾನಾ ತೊಟ್ಟು ನೋಡಿದೆ,
ಅರ್ಧ ಗಂಟೆಗೆ ಬೆರಳು ಊದಿ ನೀಲಿ.

ಕೊನೆಗೆ ಬೂದಾಳ್ ರಸ್ತೆ, ಖಲಂದರ್ ಸಾಬರ ಲೇತು.
ಕಿರುಬೆರಳು ನೀಡಿದೆ. ನೋಡಿ, ನನ್ನ ಮುಖ ನೋಡಿ:
ಮದುವೆ ಉಂಗುರ ಇದಕ್ಕೆ ಹಾಕಲ್ಲಮ್ಮ.
ಹೇಳಿದೆ: ಉಂಗುರವಲ್ಲ, ಎರಡು ಗೆಣ್ಣು ಮುಚ್ಚುವಷ್ಟು ಉದ್ದ,
ಉಳಿದ ಮೂರು ಬೆರಳಿಗೆ ಬೇರೆ ಕೆಲಸವಿದೆ.
ಕೈ ಕೊಡವಿದರೆ ಬೀಳಬಾರದು,
ಎಳೆದರೆ ಬರಬೇಕು.
ಬೇಸಿಗೇಲಿ ಉಬ್ಬುತ್ತೆ, ಚಳೀಲಿ ಇಳಿಯುತ್ತೆ,
ಇದು ಯಾವ ಕಾಲದ ಬೆರಳು? ಅಂದರು.
ಉತ್ತರ ನನ್ನಲ್ಲಿರಲಿಲ್ಲ.

ಗುಜರಿ ಡಬ್ಬಿಯಲ್ಲಿ ಕೈಯಾಡಿಸಿ
ಹಳೇ ಮಿಲ್ಲಿನ ಯಾವುದೋ ಯಂತ್ರದ ಬುಷ್ ತೆಗೆದರು.
ತಿರುಗಿತು. ಹಿತ್ತಾಳೆಯ ಪುಡಿ
ಮಂಡಕ್ಕಿಯ ಮೇಲೆ ಖಾರ ಉದುರಿಸಿದ ಹಾಗೆ
ಅವರ ಚಪ್ಪಲಿಯ ಮೇಲೆ.
ನೂರಾ ಇಪ್ಪತ್ತು ರೂಪಾಯಿ. ಒಳಗಿನ ಅಂಚಿಗೆ
ಎರಡು ಸಲ ಕಾಗದ ಉಜ್ಜಿದ್ದು ಪುಕ್ಕಟೆ.

ಇನ್ನು ನುಡಿಸುವುದು.
ದಪ್ಪ ತಂತಿ ಹಾಕು, ಎತ್ತರಿಸು
(ತಲೆಯ ಕಡೆ ಹಲ್ಲುಜ್ಜುವ ಬ್ರಷ್ಷಿನ ಹಿಡಿಯ ತುಂಡು ಸಿಕ್ಕಿಸಿದೆ).
ಒತ್ತಬೇಡ. ಜ್ವರ ಇದೆಯಾ ಅಂತ ಹಣೆ ಮುಟ್ಟುವಷ್ಟು.
ಫ್ರೆಟ್ಟಿನ ಹಿಂದಲ್ಲ, ಮುಂದಲ್ಲ, ನೆತ್ತಿಯ ಮೇಲೇ ನಿಲ್ಲು.
ಹಿಂದಿನಿಂದ ತೋರುಬೆರಳು ತಂತಿಗೆ ಒರಗಿ ಬರುತ್ತಿರಲಿ,
ಇಲ್ಲವಾದರೆ ತಂತಿಯ ಆ ಕಡೆಯ ಪಾಲೂ ನಡುವೆ ಬಾಯಿ ಹಾಕುತ್ತದೆ,
ನಮ್ಮ ಚಿಕ್ಕಮ್ಮನ ಹಾಗೆ.
ಇದೆಲ್ಲ ಕಲಿಯಲು ಎಂಟು ತಿಂಗಳು. ಮೆಟ್ಟಿಲಿದ್ದ ಕಡೆ ಜಾರುವುದಕ್ಕೆ.

ಒಂದು ಸಂಜೆ ಮಾಳಿಗೆಯ ಮೇಲೆ
ದಪ್ಪ ತಂತಿ ಮೀಟಿ, ಬುಡದಿಂದ
ನಿಧಾನಕ್ಕೆ, ತುಂಬ ನಿಧಾನಕ್ಕೆ ಮೇಲೆ ಎಳೆದೆ.
ಗೋಡೆಯಾಚೆ ಬಕ್ಕಪ್ಪ ಚಹಾದ ಲೋಟ ಕೆಳಗಿಟ್ಟ:
ಯಾವ ಪಾಳಿದವ್ವಾ ಅದು?

ರಿಂಗ್ ಫ್ರೇಮಿನಲ್ಲಿ ಇಪ್ಪತ್ತೊಂದು ವರ್ಷ ನಿಂತವನು.
ಆ ಕೂಗು ನಾನು ಹುಟ್ಟುವ ಮುಂಚೆಯೇ ನಿಂತಿದೆ.

ಇನ್ನೊಮ್ಮೆ ಎಳೆದೆ. ತಲೆಯಾಡಿಸಿದ:
ಹಂಗಲ್ಲ. ಇನ್ನೂ ಕೆಳಗಿಂದ ಏಳ್ತಿತ್ತು,
ಎಮ್ಮೆ ಎದ್ದಂಗೆ.
ಬಿರಡೆ ತಿರುವಿ ತಂತಿ ಸಡಿಲಿಸಿದೆ.
ಹಾಂ. ಮುಂದೆ?
ಎಳೆದೆ. ಹನ್ನೆರಡನೆಯ ಫ್ರೆಟ್ಟಿನ ನೆತ್ತಿ,
ಕಲಿತ ಹಾಗೆ, ಸರಿಯಾಗಿ.

ಅಷ್ಟು ದೂರ ಹೋಗ್ತಿರಲಿಲ್ಲ, ಅಂದ.
ಮ್ಯಾಲಿನ್ತನ ಅದು ಮುಟ್ಟಿದ್ದೇ ಇಲ್ಲ.
ನಾವು ದಿನಾ ಗೇಟಿನಾಗೆ ನಿಂತು
ಈಗ ಮುಟ್ತತಿ, ಈಗ ಮುಟ್ತತಿ ಅನ್ಕಂಬಾದು,
ಅಷ್ಟರಾಗೆ ಇಳಿಯಾದು.
ಒಳಗಿಂದ ಅವನ ಹೆಂಡತಿ: ಚಹಾ ಆರ್ತತಿ!

ಫ್ರೆಟ್ಟಿಗೆ ಇನ್ನೂ ಕೂದಲೆಳೆ ಇರುವಾಗ ನಿಲ್ಲಿಸಿದೆ.
ಹಿತ್ತಾಳೆ ಅಲ್ಲೇ ತುಸು ನಡುಗಿತು.
ಪುಸ್ತಕದ ಪ್ರಕಾರ ಅದು ಅಪಸ್ವರ.

ಬಕ್ಕಪ್ಪ ಏನೂ ಹೇಳಲಿಲ್ಲ.
ಎಡಗಾಲಿಗೆ ಚಪ್ಪಲಿ ತೂರಿಸಿದ್ದ, ಬಲಗಾಲಿನದನ್ನು
ಕಾಲಲ್ಲೇ ಹುಡುಕುತ್ತಿದ್ದ.