ನೂರ ನಲವತ್ತೊಂದನೆಯದು

ಮೊದಲ ನೂರ ನಲವತ್ತನ್ನು ಮಾಡಿದ್ದು ನಾನೇ,
ಗ್ರಿಮ್ಸ್‌ಬಿಯ ನಮ್ಮ ಅಡುಗೆಮನೆಯಲ್ಲಿ,
ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ರಾತ್ರಿಗೆ ನಾಲ್ಕು,
ಹೆಪ್ಪಿನಿಂದ ಹೆಪ್ಪು ಹಾಕಿದ ಹಾಗೆ.
ಮೀನು ಕಾರ್ಖಾನೆಯ ಪಾಳಿ ಮುಗಿಸಿ ಬಂದ ಕೈ;
ಎಷ್ಟು ತಿಕ್ಕಿದರೂ ಕಾಗದಕ್ಕೆ ಕಾಡ್ ಮೀನಿನ ವಾಸನೆ.
ಹಸಿರು ಶಾಯಿಯಲ್ಲಿ ಬರೆದೆ: ರೋನಾ ಬ್ರಾಕಲ್ಸ್‌ಬಿ. ಒಂಬತ್ತು ಹಾಡು.
ಆರನೆಯದರ ಕಾಗುಣಿತ ಪ್ರತಿ ಸಲವೂ ತಪ್ಪಿತು.
ಅವಳು ಬೈಯಲಿಲ್ಲ.

ಆಗ ಅವಳ ಗಿಟಾರಿನ ಹಿಂದೆ ನಮ್ಮ ಫ್ರಿಜ್ಜೂ ಹಾಡುತ್ತಿತ್ತು.
ಮೂರನೆಯ ಹಾಡಿನ ನಡುವೆ ಎಚ್ಚೆತ್ತು,
ಗಂಟಲು ಸರಿಮಾಡಿಕೊಂಡು, ಗುಂಯ್‌ಗುಟ್ಟಿ,
ಕೊನೆಯ ಸಾಲಿಗೆ ಸರಿಯಾಗಿ
ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತಿತ್ತು.
ಟ್ರಾಲರಿನ ಅಡುಗೆಯವ ವಿಲ್ಫ್ ಹೇಳಿದ್ದ:
“ಅದರಲ್ಲಿ ಎಂಜಿನ್ನು ಕೇಳುತ್ತಲ್ಲ,
ನಾರ್ವೆಯ ಆಚೆ ಅದನ್ನು ಹಾಕಿಕೊಂಡೇ ಮಲಗೋದು.”
ನಾವು ತಿದ್ದಲಿಲ್ಲ.

ಈಗ ಲಂಡನ್ನಿನ ಕಂಪನಿ. ಒಪ್ಪಂದ, ವಿತರಣೆ,
ಇಪ್ಪತ್ತೆರಡು ಪುಟ; ರೋನಾ ಓದಿದ್ದು ಎರಡು.
ಡ್ರಮ್ಮಿಗೊಬ್ಬ, ಬೇಸಿಗೊಬ್ಬ, ಬರೀ ಕೂದಲಿಗೇ ಒಬ್ಬಳು.
ಸ್ಟುಡಿಯೊದ ಗೋಡೆಗೆಲ್ಲ ಮೆತ್ತೆ:
ಅಲ್ಲಿ ಮೌನಕ್ಕೂ ಗಂಟೆಯ ಲೆಕ್ಕದಲ್ಲಿ ಬಾಡಿಗೆ.

ಶುಕ್ರವಾರ ಫ್ರೀಮನ್ ಬೀದಿಯ ಅಂಗಡಿಗೆ ಹೋದೆವು.
‘ಬಿ’ಯಲ್ಲಿ ಇರಲಿಲ್ಲ. ‘ಆರ್’ನಲ್ಲೂ ಇಲ್ಲ.
ಕ್ರಿಸ್‌ಮಸ್ ಗೀತೆಗಳ ಪಕ್ಕ ಒರಗಿ ನಿಂತಿತ್ತು, ಎರಡೇ ಪ್ರತಿ,
ಕರೆಯದ ಮದುವೆಗೆ ಬಂದವರ ಹಾಗೆ.
ಮುಂದೆ ಅವಳ ಮುಖ, ಮೂಗು ತುಸು ನೆಟ್ಟಗಾಗಿ.
ಹಿಂದೆ, ಮೂಲೆಯಲ್ಲಿ, ಕಪ್ಪು ಗೆರೆಗಳದೊಂದು ಬಾಚಣಿಗೆ.
ರೋನಾ ಅದರ ಮೇಲೆ ಬೆರಳೆಳೆದಳು,
ತಂತಿ ಮೀಟಿದಂತೆ.
ಗಲ್ಲಾದ ಹುಡುಗ ಹೊದಿಕೆ ನೋಡಿದ, ಅವಳನ್ನು ನೋಡಿದ,
“ಚೀಲ ಬೇಕಾ?” ಅಂದ.
ಆರು ಪೌಂಡಿಗೆ ಒಂದು ಪೆನ್ನಿ ಕಮ್ಮಿ.
ಚಿಲ್ಲರೆ ಎಣಿಸಿ ಕೊಟ್ಟಳು, ತನ್ನನ್ನು ತಾನೇ ಕೊಂಡಳು.

ಮನೆಗೆ ಬಂದು ಸೂಜಿ ಇಳಿಸಿದೆವು. ಮೂರನೆಯದು.
ಬೆಳಗಿಟ್ಟ ತಟ್ಟೆಯಂಥ ದನಿ. ಚೆನ್ನಾಗಿತ್ತು;
ಸುಳ್ಳೇಕೆ, ನನಗೆ ಅಳುವೇ ಬಂತು.
ಆದರೂ ಕೊನೆಯ ಸಾಲಿಗೆ ಇಬ್ಬರೂ ಉಸಿರು ಹಿಡಿದೆವು,
ಬಾರದವನಿಗೆ ಎಲೆ ಹಾಕಿ ಕೂತಂತೆ.
ಅವಳು ನನ್ನ ಕಡೆ ನೋಡಲಿಲ್ಲ.
ನಾನು ಅಡುಗೆಮನೆಯ ಕಡೆ ನೋಡಲಿಲ್ಲ.

ಸೋಮವಾರ ವಿಲ್ಫ್ ಬಂದ. ದೋಣಿ ಮಂಗಳವಾರ ಹೊರಡುತ್ತದೆ,
ಅವನ ಕ್ಯಾಸೆಟ್ಟು ಉಪ್ಪುನೀರಿಗೆ ಬಿದ್ದು ಕೆಟ್ಟಿದೆ.
“ಹೊಸದು ಅಂಗಡಿಯಲ್ಲಿದೆ” ಅಂದೆ.
“ಕೇಳಿದೆ” ಅಂದ, ಟೋಪಿ ತಿರುವುತ್ತ ನಿಂತ.

ಕೂಡದು ಅಂತ ಹದಿನಾರನೆಯ ಪುಟದಲ್ಲಿದೆಯಂತೆ.
ರೋನಾ ಮೇಜಿನ ಡ್ರಾಯರು ಎಳೆದು
ಹಸಿರು ಪೆನ್ನು ನನ್ನ ಮುಂದಿಟ್ಟಳು.
ಮೂತಿ ಒಣಗಿತ್ತು.
ಬಾಯಿಯ ಹಬೆ ಕೊಟ್ಟೆ.