ಯಾವ ಕೂಸಿನ ನೂರು

ಬೆಟಗೇರಿ ಮಗ್ಗದ ಓಣ್ಯಾಗ
ಬಾಗಲಾ ಬಡದ್ರ ಯಾರಿಗೂ ಕೇಳೂದಿಲ್ಲ.
ಲಾಳಿ ಆ ಕಡೆ ಹೋಗಿ ಈ ಕಡೆ ತಿರುಗೂ ನಡುವ
ಚಣಹೊತ್ತು ಸುಮ್ಮ ಇರತೈತಲ್ಲ,
ಆಗ ಬಡೀಬೇಕು.
ಹನ್ನೊಂದು ವರ್ಷದಾಗ ನಾ ಕಲತದ್ದು ಇದು.

ತುಳಜವ್ವ ಅರ್ಧಾ ಬಾಗಲಾ ತಗದ್ಲು.
"ಮತ್ತ ಬಂದ್ಯಾ?
ಹಿಂದಿನ ಸಲ ನಿಮ್ಮ ಸೂಜಿ ಚುಚ್ಚಿದ ಮ್ಯಾಲ
ಎರಡು ರಾತ್ರಿ ಕೂಸಿನ ಮೈ ಹಂಚಿನಂಗ ಕಾದಿತ್ತು.
ನಮ್ಮನಿಯವ್ರು ಮಗ್ಗಾ ಬಿಟ್ಟು ಕುಂತ್ರು.
ಆ ಕೂಲಿ ಯಾರು ಕೊಡ್ತಾರ?"

ತಾಯಿ ಕಾರ್ಡ್ ತಗದೆ.
ಆಕಿ ಕಾರ್ಡ್ ನೋಡಲಿಲ್ಲ, ನನ್ನ ಮಾರಿ ನೋಡಿದ್ಲು.
"ಒಂದು ಕೂಸಿಗೆ ನಿನಗ ನೂರು ರೂಪಾಯಿ ಅಂತ, ಹೌದಲ್ಲ?"

ಹೌದು.
ವರ್ಷ ತುಂಬೂದ್ರಾಗ ಎಲ್ಲಾ ಸೂಜಿ ಆದ್ರ ನೂರು.
ದಡಾರದ್ದು ಒಂದು ತಪ್ಪಿದ್ರೂ
ಆರು ಸಲ ತಿರುಗಿದ್ದು ಗಾಳಿಗೆ.
ಹಂಗಂತ ಆಕಿಗೆ ಹೇಳಿದೆ ಕೂಡ.

ಒಳಗ ಹೋದ್ಲು. ಡಬ್ಬಿ ಸಪ್ಪಳಾತು.
ನಾಕು ಮಡಿಕಿ ಮಡಚಿದ ನೋಟು
ನನ್ನ ಅಂಗೈಯಾಗ ಒತ್ತಿದ್ಲು:
"ತಗೋ ನಿನ್ನ ನೂರು.
ನನ್ನ ಕೂಸಿನ ತಂಟೆಕ ಬರಬ್ಯಾಡ."

ನೋಟಿಗೆ ಜ್ವಾಳದ ಹಿಟ್ಟು ಮೆತ್ತಿತ್ತು.
ಸಿಟ್ಟು ಬಂತು. ಆಮ್ಯಾಲ
ಮಗಳ ಟ್ಯೂಷನ್ ಫೀ ನೆನಪಾತು, ಸುಳ್ಳ ಯಾಕ ಹೇಳ್ಲಿ.
ನೋಟು ಬ್ಯಾಗಿಗೆ ಹಾಕ್ಕೊಂಡೆ,
ಕಟ್ಟಿ ಮ್ಯಾಲ ಕುಂತೆ.
"ರೊಕ್ಕದ ವ್ಯವಹಾರ ಮುಗೀತಲ್ಲವ್ವ.
ಇನ್ನ ನಾ ಬಿಟ್ಟಿ ಕುಂತೀನಿ.
ಒಂದು ಚರಿಗಿ ನೀರು ಕೊಡು,
ಕೂಸಿನ ಮಾತಾಡೂಣು."

ಗುರುವಾರ ಸಿಸ್ಟರ್ ತೋಳಿಗೆ ಚುಚ್ಚಿದಾಗ
ಕೂಸು ಚೀರಿದ್ದಕ್ಕ
ಪಕ್ಕದ ಎರಡೂ ಮನಿ ಮಗ್ಗ ನಿಂತವು.
ಕಿಟ್ಟಿನಾಗ ಜ್ವರದ ಔಷಧ ತೀರಿತ್ತು.
ಆಕಿ ನೋಟಿನಾಗ ನಲವತ್ತೆರಡು ಅಂಗಡಿಗೆ,
ಐವತ್ತೆಂಟು ಆಕಿ ಕೈಗೆ.
ಎರಡು ಸಲ ಎಣಿಸಿ ತಗೊಂಡ್ಲು.

ಸರ್ಕಾರದ ನೂರು ಬರೂದ್ರಾಗ
ದೀಪಾವಳಿ ಆಗಿಹೋಗಿತ್ತು.
ಹೆರಿಗಿದ್ದು, ಪೋಲಿಯೋದ್ದು, ಸರ್ವೇದ್ದು
ಎಲ್ಲಾ ಕೂಡಿ ಮೊಬೈಲಿನ್ಯಾಗ ಒಂದ ಅಂಕಿ.
ಸಂತ್ಯಾಗ ನಿಂತು
ಬಳ್ಳೊಳ್ಳಿ ಎಸಳು ಬಿಡಿಸಿದಂಗ ಅದನ್ನ ಬಿಡಿಸಿದೆ:
ಇದು ಯಾವ ಕೂಸಿನ ನೂರು?
ಇದು ಯಾರ ಮನಿದು?
ಲೆಕ್ಕ ಹತ್ತಲಿಲ್ಲ.

ಎದುರಿಗೆ ತುಳಜವ್ವ, ಬಗಲಾಗ ಕೂಸು,
ಕೂಸಿನ ಕೈಯಾಗ ಅರ್ಧಾ ತಿಂದ ಗಜ್ಜರಿ.
ನನ್ನ ಮಾರಿ ಕಂಡದ್ದ ತಡ
ಗಜ್ಜರಿ ಒಗದು
ಅವ್ವನ ಹೆಗಲಿಗೆ ಮೂಗು ಒತ್ತಿ
ಓಣಿ ಹರಿಯೂ ಹಂಗ ಅಳಾಕ ಹತ್ತಿತು.

ಹಾಂ.
ಒಂದು ಸಿಕ್ತು.