ಕಡ್ಡಿಗೆ ಹಸಿವಿಲ್ಲ

"ಕಲ್ಲು ತಿನ್ನುತ್ತದೆ, ಕಡ್ಡಿಗೆ ಹಸಿವಿಲ್ಲ"
ಅನ್ನುತ್ತಿದ್ದಳು ಅಜ್ಜಿ ಸಿದೋನಿ,
ಈರುಳ್ಳಿಗೆ ಕೈ ಹಾಕುವ ಮೊದಲು
ಗೋಡೆಯ ಮೊಳೆಯಿಂದ ಉಕ್ಕಿನ ಕಡ್ಡಿ ಇಳಿಸಿ
ಈ ಕಡೆ ಆರು, ಆ ಕಡೆ ಆರು.
ಏಳನೆಯದು ಎಂದೂ ಇಲ್ಲ.
ಏಳನೆಯದು ಗಂಡಸರ ಜಂಭ, ಅವಳ ಪ್ರಕಾರ.

ತಿಯೇರ್ ಊರಿನಲ್ಲಿ ಚಾಕುವಿನ ವಿಷಯ
ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಯಾರನ್ನೂ ಕೇಳುವುದಿಲ್ಲ.
ಕೆಳಗೆ ಕಣಿವೆಯಲ್ಲಿ ದ್ಯುರೋಲ್ ಹೊಳೆ ಚಕ್ರ ತಿರುಗಿಸುತ್ತಿತ್ತು.
ಅಜ್ಜ ಮೆದಾರ್ ಹಲಗೆಯ ಮೇಲೆ ಬೋರಲು ಮಲಗಿ
ಮೂಗಿನ ಕೆಳಗೇ ಸುತ್ತುವ ಸಾಣೆಗೆ
ಬೆಳಗಿನಿಂದ ಕತ್ತಲೆವರೆಗೆ ಅಲಗು ಒಡ್ಡುತ್ತಿದ್ದ.
ನೀರಿನ ಚಳಿಗೆ ಕಾಲು ಮರಗಟ್ಟದಿರಲೆಂದು
ಮೊಣಕಾಲ ಹಿಂದೆ ನಾಯಿ ಮಲಗುತ್ತಿತ್ತು.
ನಾಯಿಯ ಹೆಸರು ಮಿತೂ.
ನಮ್ಮಲ್ಲಿರುವ ಒಂದೇ ಫೋಟೊದಲ್ಲಿ
ಅಜ್ಜನ ಮುಖ ಕಾಣುವುದಿಲ್ಲ, ನಾಯಿಯದು ಕಾಣುತ್ತದೆ.

ಸಂಜೆ ಕಿವಿಯಲ್ಲಿ, ಹುಬ್ಬಿನಲ್ಲಿ
ಸಾಣೆಯ ಹಳದಿ ಕೆಸರು ಮೆತ್ತಿಕೊಂಡು ಬಂದವನು
ಅವಳ ಕೈಯ ಚಾಕು ನೋಡಿ ಕೇಳುವನು:
"ಕೊಡು, ಒಂದೇ ಒಂದು ಸಲ ಕಲ್ಲಿಗೆ ತೋರಿಸುತ್ತೇನೆ."
ಊರಿಗೆಲ್ಲ ಹರಿತ ಹಂಚುವವನ ಮನೆಯಲ್ಲಿ
ಮೊಂಡು ಚಾಕು, ಮರ್ಯಾದೆಯ ಪ್ರಶ್ನೆ.
"ಮೊಂಡಲ್ಲ ಇದು. ವಾಲಿದೆ ಅಷ್ಟೆ.
ವಾಲಿದವರನ್ನು ತೇಯುತ್ತಾರೇನು?
ಬೆನ್ನು ತಟ್ಟಿ ನೆಟ್ಟಗೆ ಕೂರಿಸುತ್ತಾರೆ."
ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು ಆ ಚಾಕು,
ಆಗ ಮೂರು ಬೆರಳು ಅಗಲ.

ಒಬ್ಬರ ಮೇಲೊಬ್ಬರು ಕತ್ತಿ ಮಸೆದರು ಅನ್ನಲಾರೆ.
ಆದರೆ ಜಗಳವೂ ಅವರವರ ಕಸುಬಿನ ಹಾಗೇ:
ಅವನದು ವರ್ಷಕ್ಕೊಂದು, ಕಿಡಿ ಹಾರುವಂಥದ್ದು,
ಆಮೇಲೆ ವಾರಗಟ್ಟಲೆ ಮನೆ ಎಷ್ಟು ನಯ!
ಅವಳದು ದಿನಾ, ಸಣ್ಣಗೆ,
ಸೂಪಿನ ಬಟ್ಟಲು ಮೇಜಿಗಿಡುವ ಸದ್ದಿನಷ್ಟೇ.

ಒಂದು ಆಗಸ್ಟಿನಲ್ಲಿ ಟೊಮೇಟೊ ಸಿಪ್ಪೆಯ ಮೇಲೆ ಜಾರಿದ ಅಲಗು
ನೇರ ಅವಳ ಹೆಬ್ಬೆರಳಿಗೆ ಬಂತು.
ಕಡ್ಡಿ. ಆರು, ಆರು. ಮತ್ತೆ ಆರು, ಆರು.
ನೆಟ್ಟಗಾಗಲು ಅಲ್ಲಿ ಅಂಚೇ ಉಳಿದಿರಲಿಲ್ಲ.
ಚಿಂದಿ ಸುತ್ತಿದ ಕೈಯಿಂದಲೇ
ಚಾಕುವನ್ನು ಮೇಜಿನಾಚೆ ಸರಿಸಿದಳು,
ಹಿಡಿ ಅವನ ಕಡೆಗೆ:
"ತಗೋ. ಸ್ವಲ್ಪವೇ."

ಆ ಮಧ್ಯಾಹ್ನ ಅವನು ಹೊಳೆಗೆ ಇಳಿಯಲಿಲ್ಲ.
ಚಕ್ರಕ್ಕೆ ಕೊಡಲು ಮನಸ್ಸಾಗದೆ ಹೊಸ್ತಿಲಲ್ಲಿ ಕೂತು
ಕೈಗಲ್ಲಿನ ಮೇಲೆ ನೀರು ಚಿಮುಕಿಸಿ
ಉಜ್ಜಿದ, ಒರೆಸಿದ, ಬೆಳಕಿಗೆ ಹಿಡಿದ.
ಕಲ್ಲಿನ ಮೇಲೆ ಕಪ್ಪು ಗಂಜಿ ಇಳಿಯಿತು.
ನನಗೆ ಏಳು ವರ್ಷ, ಮಿತೂ ಜೊತೆ ಪಕ್ಕದಲ್ಲಿ ಕೂತಿದ್ದೆ.
ಎಂದೂ ಅಷ್ಟು ನಿಧಾನ ನೋಡಿರಲಿಲ್ಲ ಅವನನ್ನು,
ಸಾಲ ತೀರಿಸಲು ಬಂದವನು ಚಿಲ್ಲರೆ ಎಣಿಸುವ ಹಾಗೆ.
ರಾತ್ರಿ ಟೊಮೇಟೊ ತಾನಾಗಿಯೇ ಬಿಚ್ಚಿಕೊಂಡಿತು.
ಅಜ್ಜಿ ಹೇಳಿದ್ದು ಇಷ್ಟು:
"ಉಪ್ಪು ಕೊಡು."

ಈಗ ಅದು ಒಂದು ಬೆರಳಿಗಿಂತ ಕಿರಿದು.
ಬೆಳ್ಳುಳ್ಳಿ ಸುಲಿಯಲು ಅದರಷ್ಟು ಒಳ್ಳೆಯದಿಲ್ಲ,
ಬೇರೆ ಯಾವುದಕ್ಕೂ ಬಾರದು.
ಶಾಲೆಯ ಅಡುಗೆಮನೆಯಲ್ಲಿ, ನನ್ನ ಏಪ್ರನ್ನಿನ ಜೇಬಿನಲ್ಲಿರುತ್ತದೆ.

ಮೊನ್ನೆ ಹೊಸ ಹುಡುಗ ತಿಬೋ
ಕಡ್ಡಿಯ ಮೇಲೆ ಚಾಕುವನ್ನು ಖಡ್ಗದಂತೆ ಬೀಸುತ್ತಿದ್ದ.
ಕೈ ಹಿಡಿದು ನಿಲ್ಲಿಸಿದೆ. ಕೋನ ತೋರಿಸಿದೆ.
ಅಜ್ಜಿಯ ಮಾತನ್ನು ಅಜ್ಜಿಯ ದನಿಯಲ್ಲೇ ಹೇಳಿದೆ:
ಕಡ್ಡಿಗೆ ಹಸಿವಿಲ್ಲ.
ಅವನು ಬಿಳಿ ಬಟ್ಟೆಯಿಂದ ಕಡ್ಡಿಯನ್ನು ಒಮ್ಮೆ ಒರೆಸಿ
ನನ್ನೆದುರು ಬಿಡಿಸಿ ಹಿಡಿದ.
ಬೂದು ಗೆರೆ, ಪೆನ್ಸಿಲಿನದ್ದರಷ್ಟು ತೆಳು.
"ಹಾಗಾದರೆ ಇದೇನು ಮೇಡಂ?"

ಐವತ್ತೊಂದು ವರ್ಷ. ದಿನಕ್ಕೆ ಹನ್ನೆರಡು.
ಆ ಎರಡು ಬೆರಳು ಅಗಲದಲ್ಲಿ
ಕಲ್ಲಿನ ಪಾಲೆಷ್ಟು, ಕಡ್ಡಿಯ ಪಾಲೆಷ್ಟು,
ಲೆಕ್ಕ ಯಾರ ಹತ್ತಿರವೂ ಇಲ್ಲ.
ಅವಳಿಗೆ ಗೊತ್ತಿತ್ತೇ?
ಅವಳ ಒರೆಸುವ ಬಟ್ಟೆಗಳೆಲ್ಲ ಕಪ್ಪು ಬಣ್ಣದವು,
ಅದು ಈಗ ನೆನಪಾಗುತ್ತಿದೆ.

ನಲವತ್ತು ಮಕ್ಕಳ ಎಲೆಕೋಸು ಕಾಯುತ್ತಿತ್ತು.
ಬಟ್ಟೆಯನ್ನು ತೊಳೆಯಲು ಎಸೆದೆ.
ತಿಬೋ ಕಡ್ಡಿ ಎತ್ತಿಕೊಂಡ:
ಈ ಕಡೆ ಆರು, ಆ ಕಡೆ ಆರು.
ಆಮೇಲೆ ಏಳನೆಯದನ್ನೂ ಎಳೆದ.
ನಾನು ಏನೂ ಅನ್ನಲಿಲ್ಲ.